ದೇವರ ಮಾಡದಿಂದ ತಂದ ರೀಲು

ಹಳೆಯ ಫಿಲ್ಮ್ ಸರಿಪಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗೀಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ನೀವು ಯಾವ ಯಾವ ಸಿನಿಮಾ ಉಳಿಸಿದಿರಿ ಎಂದು ಕೇಳುತ್ತಾರೆ. ಉಳಿಸಿದ್ದು ಕಡಿಮೆ ಎಂದರೆ ಅವರಿಗೆ ನಾನು ದೊಡ್ಡಸ್ತಿಕೆ ಬೇಡವೆಂದು ಹಾಗೆ ಹೇಳುತ್ತಿರುವಂತೆ ಕಾಣುತ್ತದೆ. ಇದ್ದದ್ದನ್ನೇ ಹೇಳುತ್ತೇನೆ. ನಮ್ಮ ಕೈಗೆ ಬಂದ ಮೂಕಿ ಚಿತ್ರಗಳ ಸುರುಳಿಗಳಲ್ಲಿ ಬಹುಪಾಲು ಸತ್ತೇ ಬಂದಿರುತ್ತಿದ್ದವು. ಡಬ್ಬಿ ತೆಗೆದು, ಮೂಸಿ, ಬಿಚ್ಚಲು ನೋಡಿ, ಆಗದು ಎಂದು ಗೊತ್ತಾದ ಮೇಲೆ ಬೆಂಕಿ ಹತ್ತದಂತೆ ನೀರು ತುಂಬಿದ ಪೀಪಾಯಿಯಲ್ಲಿ ಮುಳುಗಿಸಿಡುವುದು, ನನ್ನ ನೌಕರಿಯ ದೊಡ್ಡ ಪಾಲು ಇದೇ. ಈ ಕೆಲಸಕ್ಕೆ ಬರುವವರು ಅಷ್ಟನ್ನು ಮೊದಲೇ ತಿಳಿದುಕೊಂಡು ಬರಲಿ ಎಂದು ಬರೆಯುತ್ತಿದ್ದೇನೆ.

ನಾನು ಬೆಳಗಾವಿ ಕಡೆಯವಳು, ಮದುವೆಯಾಗಿ ಪುಣೆಗೆ ಬಂದೆ. ಯಜಮಾನರು ಖಡಕಿಯ ಸಿಡಿಮದ್ದಿನ ಕಾರ್ಖಾನೆಯಲ್ಲಿದ್ದರು. ಎದೆ ಕೆಟ್ಟು ಅವರು ಮನೆಯಲ್ಲಿ ಕೂತಾಗ ಕೆಲಸ ನೋಡುವುದು ನನ್ನ ಪಾಲಿಗೆ ಬಂತು. ಖಡಕಿಯಲ್ಲೇ ಒಂದು ಖಾಸಗಿ ಟ್ರಸ್ಟಿನವರು ಹಳೆಯ ಕಲ್ಲಿನ ಗೋದಾಮಿನಲ್ಲಿ ಸಿನಿಮಾ ಸುರುಳಿಗಳನ್ನು ಕೂಡಿಸಿಟ್ಟಿದ್ದರು. ಅವರಿಗೆ ಹೆಂಗಸರು ಬೇಕಾಗಿದ್ದರು. ನಾನು ಏನು ಓದಿದ್ದೇನೆ ಎಂದು ಯಾರೂ ಕೇಳಲಿಲ್ಲ. ಒಂದು ಗಾಜಿನ ಮೇಲೆ ಅಂಗೈ ಒತ್ತಿಸಿ, ಬೆವರು ಮೂಡುತ್ತದೆಯೇ ಎಂದು ನೋಡಿದರು. ಬೆವರುವ ಕೈ ಫಿಲ್ಮಿಗೆ ವಿಷ. ನನ್ನ ಕೈ ಹುಟ್ಟಿನಿಂದ ಒಣಗಿದ್ದು. ಅತ್ತೆಯವರು ಇದನ್ನು ಬಡತನದ ಕೈ ಎನ್ನುತ್ತಿದ್ದರು. ದೇವರು ಯಾಕೆ ಒಣಗಿದ ಕೈ ಕೊಟ್ಟನೆಂದು ಆವತ್ತು ತಿಳಿಯಿತು.

ಮೊದಲ ವಾರವೇ ಮನೆಗೆ ಬಂದು, ಈ ಹಳೆಯ ಫಿಲ್ಮ್ ಬೆಂಕಿ ಕಂಡರೆ ಭಗ್ಗೆನ್ನುತ್ತದಂತೆ, ಒಮ್ಮೆ ಹತ್ತಿದರೆ ನೀರಿಗೂ ಬಗ್ಗದಂತೆ ಎಂದು ಯಜಮಾನರಿಗೆ ಹೇಳಿದೆ. ಅವರು ಕೆಮ್ಮುತ್ತಲೇ ನಕ್ಕರು.

"ಅದು ನಮ್ಮ ಮದ್ದಿನ ತಂಗಿ. ಆ್ಯಸಿಡಿನ್ಯಾಗ ಅದ್ದಿದ ಹತ್ತೀನ ಅದಕ್ಕೂ ಇದಕ್ಕೂ ಮೂಲ. ಅಕ್ಕ ನನ್ನ ಎದಿ ತಿಂದ್ಲು. ತಂಗಿ ಹಂತ್ಯಾಕ ನೀ ಹುಷಾರಿರು."

ಹುಷಾರಾಗಿಯೇ ಇದ್ದೆ. ನಾನಿದ್ದಷ್ಟು ಕಾಲ ನಮ್ಮ ಗೋದಾಮಿನಲ್ಲಿ ಒಂದು ಕಿಡಿಯೂ ಹಾರಲಿಲ್ಲ. ಅದೊಂದು ದೊಡ್ಡ ದಯೆ.

ಈಗ ಡಬ್ಬಿಯೊಳಗಿನ ಹವೆ ನೋಡಲು ಉಪಕರಣಗಳು ಬಂದಿವೆ. ನಮಗೆ ಮೂಗೇ ಉಪಕರಣ. ಮುಚ್ಚಳ ಸಡಿಲಿಸಿದಾಗ ಏನೂ ವಾಸನೆ ಬರದಿದ್ದರೆ ಒಳ್ಳೆಯದು. ಬೆವರಿದ ಕಾಲುಚೀಲದ ವಾಸನೆ ಬಂದರೆ ರೋಗ ಹತ್ತಿದೆ. ಜೇನಿನಂಥ ಕಂದು ರಸ ಒಸರಿದರೆ ಅದು ಕೊನೆಯ ದಿನಗಳಲ್ಲಿದೆ. ಆಮೇಲೆ ಉಳಿಯುವುದು ತುಕ್ಕಿನ ಬಣ್ಣದ ಪುಡಿ. ನಟಿಯೂ ಅದೇ, ರಾಜನೂ ಅದೇ, ಅರಮನೆಯೂ ಅದೇ ಪುಡಿ.

ರೋಗದಿಂದ ಹೋದದ್ದು ಒಂದು ಕಡೆ, ಮನುಷ್ಯರ ಕೈಯಿಂದ ಹೋದದ್ದು ಇನ್ನೊಂದು ಕಡೆ. ನಮ್ಮ ಮೊದಲ ಸಾಹೇಬರು ಬಹಳ ಶಿಸ್ತಿನವರು. ನೋಡಲು ಬರುವ ದೊಡ್ಡವರ ಮುಂದೆ ತುಕ್ಕು ಹಿಡಿದ ಡಬ್ಬಿಗಳು ಚೆನ್ನಾಗಿ ಕಾಣುವುದಿಲ್ಲವೆಂದು ಎಲ್ಲ ಸುರುಳಿಗಳನ್ನೂ ಹೊಸ ಡಬ್ಬಿಗಳಿಗೆ ಹಾಕಿಸಿದರು. ಹಳೆಯ ಡಬ್ಬಿಗಳು ಗುಜರಿಗೆ ಹೋದವು. ಯಾವ ಸಿನಿಮಾ, ಯಾರು ಮಾಡಿದ್ದು ಎಂಬ ಚೀಟಿಗಳು ಇದ್ದದ್ದು ಆ ಹಳೆಯ ಡಬ್ಬಿಗಳ ಮೇಲೆಯೇ. ಹೊಳೆಯುವ ಡಬ್ಬಿಗಳ ಸಾಲಿನ ಮುಂದೆ ಸಾಹೇಬರು ಫೋಟೊ ತೆಗೆಸಿಕೊಂಡರು. ಒಳಗಿದ್ದವರೆಲ್ಲ ಹೆಸರು ಕಳೆದುಕೊಂಡರು. ಅವರಿಗೆ ಹೆಸರು ಹುಡುಕುವುದರಲ್ಲೇ ಆಮೇಲೆ ಬಂದ ಸಾಠೆ ಸಾಹೇಬರ ಕೂದಲು ನೆರೆಯಿತು.

ಸಾಠೆಯವರು ಮರಾಠಿಯವರು, ಮೆತ್ತಗಿನ ಮನುಷ್ಯ. ಮೂಕಿ ಕಾಲದ ಒಬ್ಬ ನಿರ್ದೇಶಕರ ಹೆಸರು ತೆಗೆದರೆ ಮಾತ್ರ ಅವರ ದನಿ ಏರುತ್ತಿತ್ತು. ಹಣಮಂತರಾಯರು ಎಂದು ಹೆಸರು, ಧಾರವಾಡ ಕಡೆಯಿಂದ ಬಂದು ಪುಣೆಯಲ್ಲಿ ನಿಂತವರು. ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದವರು ಒಂದು ಹಳೆಯ ಕ್ಯಾಮೆರಾ ಕೊಂಡು, ಬಿಚ್ಚಿ, ಜೋಡಿಸಿ, ತಾವೇ ಕಲಿತರು. ದೀಪ ಇರಲಿಲ್ಲ. ದೊಡ್ಡ ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ನಟರ ಮುಖದ ಮೇಲೆ ಬೀಳಿಸುತ್ತಿದ್ದರು. ಮನೆಯ ಬಚ್ಚಲಲ್ಲಿ ಫಿಲ್ಮ್ ತೊಳೆದು ಹಿತ್ತಲಲ್ಲಿ ಶ್ಯಾವಿಗೆಯಂತೆ ಒಣಗಿಸುತ್ತಿದ್ದರು. ಮಾತಿನ ಸಿನಿಮಾ ಬಂದ ಮೇಲೆ ಅವರ ಚಿತ್ರಗಳನ್ನು ಕೇಳುವವರಿಲ್ಲವಾದರು. ಒಂದಿಷ್ಟನ್ನು ಫಿಲ್ಮಿನೊಳಗಿನ ಬೆಳ್ಳಿ ತೆಗೆಯಲು ಕರಗಿಸಿದರು, ಉಳಿದದ್ದು ಬಳೆ ಮಾಡುವವರ ಪಾಲಾಯಿತು. ರಾಯರು ಅಂಗಡಿಗಳಿಗೆ ಬೋರ್ಡು ಬರೆಯುತ್ತ ತೀರಿಕೊಂಡರು. ಅವರು ಮಾಡಿದ್ದರಲ್ಲಿ ಒಂದು ಅಂಗುಲವೂ ಉಳಿದಿಲ್ಲವೆಂದು ಸಾಠೆಯವರು ಒಂದು ಮರಾಠಿ ಪತ್ರಿಕೆಗೆ ಬರೆದಿದ್ದರು.

ಅದನ್ನು ಓದಿ ಪುಣೆಯದೇ ಖರಾಡಿಯಿಂದ ಆನಂದ ಎಂಬ ಹುಡುಗ ಫೋನು ಮಾಡಿದ. ತಾನು ಹಣಮಂತರಾಯರ ಮರಿಮಗ, ಅವರ ಎರಡನೆಯ ಹೆಂಡತಿಯ ಕಡೆಯವನು ಎಂದ. ಮೊದಲ ಹೆಂಡತಿಯ ಮಗಳು ನೀಲಕ್ಕಜ್ಜಿ ತಮ್ಮ ಮನೆಯಲ್ಲೇ ಇದ್ದಾಳೆ, ತೊಂಬತ್ತರ ಹತ್ತಿರದವಳು, ಅವಳ ದೇವರ ಮಾಡದಲ್ಲಿ ಒಂದು ಫಿಲ್ಮ್ ಡಬ್ಬಿ ಇದೆ, ಅದರಿಂದ ವಾಸನೆ ಬರುತ್ತಿದೆ ಎಂದ. ಸಾಠೆಯವರು ಮಧ್ಯಾಹ್ನದ ಊಟ ಬಿಟ್ಟು ಓಡಿದರು. ಅಜ್ಜಿ ಅವರನ್ನು ಹೊಸ್ತಿಲು ದಾಟಿಸಲಿಲ್ಲ. ಸೊಂಟದಲ್ಲಿ ಚರ್ಮದ ಪಟ್ಟಿ ಕಟ್ಟಿಕೊಂಡು ದೇವರನ್ನು ಮುಟ್ಟಲು ಬಂದವನು ಎಂದು ಬೈದು ಕಳಿಸಿದಳಂತೆ. ಮರುದಿನ ನನ್ನನ್ನು ಕಳಿಸಿದರು. ನೀವು ಪೂಜೆ ಪುನಸ್ಕಾರದವರು, ಅವರ ಮಾತಿನವರು, ನಿಮಗೆ ಒಗ್ಗೀತು ಎಂದರು.

ಖರಾಡಿಯ ಆ ಎತ್ತರದ ಕಟ್ಟಡದ ಫ್ಲ್ಯಾಟಿನಲ್ಲಿ ಬೇರೆ ದೇವರ ಕೋಣೆ ಇರಲಿಲ್ಲ. ಅಡುಗೆಮನೆಯಲ್ಲಿ ಗ್ಯಾಸಿನ ಒಲೆಯ ಪಕ್ಕದ ಕಪಾಟೇ ಮಾಡ. ಅದರಲ್ಲಿ ಖಂಡೋಬನ ರೂಪ ಒತ್ತಿದ ಬೆಳ್ಳಿಯ ಟಾಕು, ಟಾಕಿನ ಪಕ್ಕದಲ್ಲಿ ಅರಿಸಿನದ ಭಂಡಾರ ಮೆತ್ತಿ ಹಳದಿಯಾದ ತಗಡಿನ ಡಬ್ಬಿ, ಡಬ್ಬಿಗೆ ಒಂದು ಗೇಣು ದೂರದಲ್ಲಿ ಉರಿಯುತ್ತಿರುವ ಎಣ್ಣೆಯ ದೀಪ. ಅಷ್ಟು ವರ್ಷ ಅದು ಹತ್ತದೆ ಉಳಿದದ್ದು ಯಾರ ಪುಣ್ಯವೋ. ಹಚ್ಚಿದ ದೀಪ ಆರಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕೇಳಿಕೊಂಡು ಅದನ್ನು ಬಾಲ್ಕನಿಯ ತುಳಸಿಯ ಮುಂದೆ ಒಯ್ದಿಟ್ಟು ಬಂದೆ.

ಅಜ್ಜಿ ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದಳು. ಹಣೆಯಲ್ಲಿ ಕುಂಕುಮದ ಕೆಳಗೆ ಸುಟ್ಟಂಥ ಕಲೆ. ಡಬ್ಬಿಯಿಂದ ಒಸರುವ ಕಂದು ರಸವನ್ನು ದೇವರ ತೀರ್ಥವೆಂದು ದಿನಾ ಹಣೆಗೆ ಹಚ್ಚಿಕೊಳ್ಳುತ್ತಿದ್ದಳು ಎಂದು ಆನಂದ ಪಿಸುಗುಟ್ಟಿದ. ಪ್ರತಿ ಚಂಪಾಷಷ್ಠಿ ಹಬ್ಬಕ್ಕೆ ಮುಚ್ಚಳ ತೆಗೆದು ಖಂಡೋಬನ ಬೆಟ್ಟ ಜೇಜುರಿಯಿಂದ ತಂದ ಭಂಡಾರವನ್ನು ಒಳಗೆ ಸುರಿಯುವುದು ಅವರ ಮನೆಯ ಪದ್ಧತಿಯಂತೆ. ಸುರುಳಿಯನ್ನು ಬಿಚ್ಚಿ ನೋಡಿದವರು ಮಾತ್ರ ಯಾರೂ ಇಲ್ಲ.

"ನಿಮ್ಮ ಮನಿದೇವ್ರು ಯಾರು?" ಅಜ್ಜಿ ಕೇಳಿದಳು.

"ಮೈಲಾರಲಿಂಗ್ರಿ."

"ಮೈಲಾರನೂ ಖಂಡೋಬಾನೂ ಒಬ್ಬನ, ಹಂಗಾರ ನಿನಗೂ ದೇವ್ರ ಆದ. ಎತಗೊಂಡು ಹೋಗಾಕ ಮನಸ ಹೆಂಗ ಬಂತವ್ವ?"

ಒಳಗೆ ದೇವರಿಲ್ಲ ಎಂದು ಹೇಳುವವಳು ನಾನಲ್ಲ. ಅಷ್ಟು ವರ್ಷ ಕೈ ಮುಗಿಸಿಕೊಂಡ ವಸ್ತುವಿನಲ್ಲಿ ದೇವರು ಬಂದು ಕೂತಿರಲೂಬಹುದು. ಆಗ ಊರಲ್ಲಿ ಕಂಡದ್ದು ನೆನಪಾಯಿತು. ಮೂರ್ತಿ ಭಿನ್ನವಾದಾಗ ಅದರ ಕಳೆಯನ್ನು ಕಲಶದ ನೀರಿಗೆ ಇಳಿಸಿ, ಆಮೇಲೆ ಮೂರ್ತಿಯನ್ನು ಮುಟ್ಟುತ್ತಾರೆ. ಈ ಡಬ್ಬಿಯೂ ಭಿನ್ನವಾಗಿದೆ ಅಜ್ಜಿ, ದೇವರನ್ನು ತಂಬಿಗೆಗೆ ಇಳಿಸಿಕೊಳ್ಳಿ, ಬರೀ ಡಬ್ಬಿಯನ್ನು ನಾನು ಒಯ್ಯುತ್ತೇನೆ ಎಂದೆ.

ಅಜ್ಜಿ ಆನಂದನನ್ನು ಹೊರಗೆ ಕಳಿಸಿದಳು.

"ದೇವರದ ಏನಿಲ್ಲವ್ವ. ದೇವ್ರು ಎಲ್ಲಿ ಇಳಿ ಅಂದ್ರ ಅಲ್ಲಿ ಇಳಿತಾನ. ಒಳಗ ನಮ್ಮವ್ವ ಇದ್ದಾಳ. ನಾ ಅಂಜೋದು ಅದಕ್ಕ."

ಅವಳು ಹೇಳಿದ್ದು ಇಷ್ಟು. ಆಗ ಮರ್ಯಾದಸ್ಥ ಹೆಂಗಸರು ಸಿನಿಮಾದಲ್ಲಿ ನಿಲ್ಲುತ್ತಿರಲಿಲ್ಲ, ಗಂಡಸರೇ ಸೀರೆ ಉಡುತ್ತಿದ್ದರು. ಖಂಡೋಬನ ಕತೆ ತೆಗೆಯುವಾಗ ಹಣಮಂತರಾಯರು ತಮ್ಮ ಹೆಂಡತಿಯನ್ನೇ ಖಂಡೋಬನ ಮಡದಿ ದೇವಿ ಮ್ಹಾಳಸೆಯಾಗಿ ಜೇಜುರಿಯ ಮೆಟ್ಟಿಲ ಮೇಲೆ ನಿಲ್ಲಿಸಿದರು. ಅದಾಗಿ ಕೆಲವು ದಿನಕ್ಕೆ ನೀಲಕ್ಕ ದಿನ ತುಂಬುವ ಮೊದಲೇ ಹುಟ್ಟಿದಳು, ತಾಯಿ ಸತ್ತಳು. ತುಂಬಿದ ಬಸುರಿಯನ್ನು ಮೆಟ್ಟಿಲು ಹತ್ತಿಸಿ ಕೊಂದ ಎಂದು ತಾಯಿಯ ತವರಿನವರು ರಾಯರ ಮುಖ ನೋಡುವುದನ್ನು ಬಿಟ್ಟರು. ಸಾಕಿದ ಸೋದರತ್ತೆ ಬೇರೆ ಹೇಳುತ್ತಿದ್ದಳು. ನನ್ನ ತಮ್ಮ ಒಂದು ಮೆಟ್ಟಿಲೂ ಹತ್ತಿಸಲಿಲ್ಲ, ಕೆಳಗೆ ನಿಲ್ಲಿಸಿ ತೆಗೆದ, ಇದು ಕಾಲ್ಗುಣ ಕೆಟ್ಟ ಕೂಸು, ಹುಟ್ಟುತ್ತಲೇ ತಾಯಿಯನ್ನು ನುಂಗಿತು ಎಂದು. ಮದುವೆಯ ಮಾತು ಬಂದಲ್ಲೆಲ್ಲ ಆ ಮಾತು ಮುಂಚೆ ಹೋಗಿ ಕೂತಿರುತ್ತಿತ್ತು. ನೀಲಕ್ಕನಿಗೆ ಮದುವೆಯಾಗಲಿಲ್ಲ. ಮನೆಯ ಬಸುರಿಯರ ಮುಂದೆ ಅವಳು ಹಾಯಬಾರದು. ತೊಟ್ಟಿಲಿಗೆ ಹಾಕುವ ದಿನ ಅವಳು ಹಿತ್ತಲಲ್ಲಿ ಕೂರಬೇಕು. ಒಮ್ಮೆ ಧೈರ್ಯ ಮಾಡಿ, ಅವ್ವನನ್ನು ಮೆಟ್ಟಿಲು ಹತ್ತಿಸಿದ್ದು ನಿಜವೇ ಎಂದು ತಂದೆಯನ್ನೇ ಕೇಳಿದ್ದಳು. ರಾಯರು ಆ ಡಬ್ಬಿಯನ್ನು ತಂದು ಕೊಟ್ಟು, ಇದರಲ್ಲಿ ಖಂಡೋಬ ಇದ್ದಾನೆ, ದೀಪ ಹಚ್ಚು, ಬಿಚ್ಚಬೇಡ ಎಂದರಂತೆ.

"ಅತ್ತಿ ಹೇಳಿದ್ದ ಖರೇ ಇದ್ರ? ಅದಕ್ಕ ಬಿಚ್ಚಲಿಲ್ಲ. ಈಗ ಹೋಗೋ ಹೊತ್ತು ಬಂತು. ನೋಡಿ ಹೇಳು. ಹತ್ತಿಸಿದ್ನೋ ಇಲ್ಲೋ, ಅಷ್ಟ."

ತಂಬಿಗೆಯಲ್ಲಿ ನೀರು ತುಂಬಿ, ಎಲೆ ಇಟ್ಟು, ಕಾಯಿ ಇಟ್ಟು, ಹಸಿ ನೂಲಿನ ಒಂದು ತುದಿಯನ್ನು ಡಬ್ಬಿಗೂ ಇನ್ನೊಂದನ್ನು ತಂಬಿಗೆಗೂ ಸುತ್ತಿದಳು. ಏನೋ ಹೇಳಿಕೊಂಡಳು. ನೂಲು ಹರಿದು ಡಬ್ಬಿಯನ್ನು ನನ್ನತ್ತ ತಳ್ಳಿದಳು. ಬಿಸಿಲು ಸುಡುತ್ತಿತ್ತು. ಐಸ್ ತುಂಬಿದ ಪೆಟ್ಟಿಗೆಯಲ್ಲಿ ಡಬ್ಬಿಯಿಟ್ಟು, ಟ್ರಸ್ಟಿನ ಗಾಡಿಯಲ್ಲಿ ಮಡಿಲಲ್ಲಿ ಹಿಡಿದು, ಖಡಕಿ ಮುಟ್ಟುವವರೆಗೆ ಬಾಯಿಯಲ್ಲಿ ಮೈಲಾರನ ಏಳುಕೋಟಿ ಬಿಟ್ಟರೆ ಬೇರೆ ಮಾತಿರಲಿಲ್ಲ.

ಗೋದಾಮಿನಲ್ಲಿ ಮುಚ್ಚಳ ತೆಗೆದಾಗ ಭಂಡಾರ ಮತ್ತು ಫಿಲ್ಮಿನ ಪುಡಿ ಬೆರೆತು ಯಾವುದು ದೇವರದು ಯಾವುದು ಸಿನಿಮಾದ್ದು ಗೊತ್ತಾಗದಂತಿತ್ತು. ಹೊರಗಿನ ಸುತ್ತುಗಳೆಲ್ಲ ಮುಗಿದುಹೋಗಿದ್ದವು. ನಡುವಿನದು ಬೆಲ್ಲದ ಅಚ್ಚಿನಂತೆ ಗಟ್ಟಿ. ಮುಚ್ಚಿದ ಪೆಟ್ಟಿಗೆಯಲ್ಲಿ ಔಷಧದ ಆವಿಗೆ ಇಟ್ಟು, ಮೆತ್ತಗಾದಷ್ಟನ್ನು ಮೂಳೆಯ ಚಪ್ಪಟೆ ಕಡ್ಡಿಯಿಂದ ಎಬ್ಬಿಸುತ್ತ ಹೋದೆ. ಇಡೀ ದಿನ ಕೂತರೂ ಒಂದು ಮೊಳ ಬಂದರೆ ಹೆಚ್ಚು. ಒಂದೊಂದು ದಿನ ಅಷ್ಟೂ ಇಲ್ಲ. ಬಿಚ್ಚುವಾಗಲೇ ಚಿತ್ರ ಕಳಚಿಕೊಂಡು ಕೈಗವಸಿಗೆ ಅಂಟುತ್ತಿತ್ತು. ಬೆರಳಿನ ಮೇಲೆ ಒಂದು ಸೀರೆಯ ಸೆರಗು, ಒಂದು ಮೆಟ್ಟಿಲು. ಯಾರದೋ ಮೈಯ ಚರ್ಮ ಸುಲಿದಂತೆ ಅನಿಸಿ, ನಾನು ಎಷ್ಟೋ ದಿನ ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ದಿದ್ದೇನೆ.

ಆ ಮಳೆಗಾಲ ಮುಗಿಯುವಾಗ ಒಂದಿಷ್ಟು ತುಂಡುಗಳು ಕೈಗೆ ಬಂದವು. ಹೊಸ ಯಂತ್ರದಲ್ಲಿ ಒಂದೊಂದೇ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿ ನಾನೂ ಸಾಠೆಯವರೂ ನೋಡಿದೆವು.

ಹೆಂಗಸೊಬ್ಬಳು ಮೆಟ್ಟಿಲು ಹತ್ತುತ್ತಾಳೆ. ನಮಗೆ ಬೆನ್ನು. ಅವಳು ತಿರುಗುವ ಕಡೆಯಲ್ಲೆಲ್ಲ ಚಿತ್ರ ಗುಳ್ಳೆ ಎದ್ದಿದೆ, ಮುಖ ಎಲ್ಲಿಯೂ ಉಳಿದಿಲ್ಲ. ಸೀರೆಯನ್ನು ಎಷ್ಟೇ ಸಡಿಲವಾಗಿ ಉಡಿಸಿದ್ದರೂ, ಮೂರು ಹೆತ್ತ ನನಗೆ ಅವಳು ಸೊಂಟಕ್ಕೆ ಕೈ ಕೊಡುವ ರೀತಿಯಲ್ಲೇ ತಿಳಿಯಿತು, ತುಂಬಿದ ಬಸುರಿ. ಮುಂದಿನ ತುಂಡಿನಲ್ಲಿ ಅವಳು ಅದೇ ಮೆಟ್ಟಿಲುಗಳನ್ನು ಮತ್ತೆ ಕೆಳಗಿನಿಂದ ಹತ್ತುತ್ತಾಳೆ. ಅದರ ಮುಂದಿನದರಲ್ಲೂ ಮತ್ತೆ. ಸಾಠೆಯವರು ಪರದೆಯ ಮೇಲೆ ಬೆರಳಿಟ್ಟು ನೆರಳುಗಳನ್ನು ತೋರಿಸಿದರು. ಮೊದಲ ತುಂಡಿನಲ್ಲಿ ದೀಪಮಾಲೆಯ ಕಂಬದ ನೆರಳು ಒಂದು ಬದಿಗಿತ್ತು. ಕೊನೆಯದರಲ್ಲಿ ಇನ್ನೊಂದು ಬದಿಗೆ ಬಂದು ಮೆಟ್ಟಿಲುಗಳ ಮೇಲೆ ಉದ್ದಕ್ಕೆ ಮಲಗಿತ್ತು. ಬೆಳಗಿನಿಂದ ಸಂಜೆಯವರೆಗೆ ಹತ್ತಿಸಿದ್ದರು. ಕೊನೆಯ ತುಂಡಿನಲ್ಲಿ ಅವಳು ಅರ್ಧದಲ್ಲೇ ಮೆಟ್ಟಿಲ ಮೇಲೆ ಕೂತುಬಿಡುತ್ತಾಳೆ. ಆಗ ಕೆಳಗಿನಿಂದ ಧೋತರ ಉಟ್ಟು ರುಮಾಲು ಸುತ್ತಿದ ಒಬ್ಬ ಗಂಡಸು ಚಿತ್ರದೊಳಕ್ಕೆ ಬಂದು, ಕೈ ಎತ್ತಿ, ಮೇಲೆ ಹೋಗು ಎಂದು ಸನ್ನೆ ಮಾಡುತ್ತಾನೆ. ತುಂಡು ಅಲ್ಲಿಗೆ ಮುಗಿಯುತ್ತದೆ.

ಹಣಮಂತರಾಯರು. ಫೋಟೊಗಳಲ್ಲಿ ಕಂಡಿದ್ದ ಮುಖವನ್ನು ಸಾಠೆಯವರು ಗುರುತಿಸಿದರು. ಅವರ ಕೆಲಸವೇ ಉಳಿದಿಲ್ಲವೆಂದಿದ್ದ ಕಡೆ ಅವರೇ ಓಡಾಡುವ ಚಿತ್ರ ಸಿಕ್ಕಿತ್ತು. ಸಾಠೆಯವರ ಕಣ್ಣಲ್ಲಿ ನೀರು ಬಂತು. ಆ ಒಂದು ಚಿತ್ರವನ್ನು ದೊಡ್ಡದು ಮಾಡಿ ಗೋಡೆಗೆ ಹಾಕೋಣ, ನಿರ್ದೇಶಕರು ಕೆಲಸದಲ್ಲಿರುವಾಗ ಎಂದು ಕೆಳಗೆ ಬರೆಯೋಣ ಎಂದರು. ಅಜ್ಜಿ ಕೇಳಿದ್ದನ್ನು ನಾನು ಆಗ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ವಯಸ್ಸಾದವರು, ಎದೆ ತಡೆಯದು, ಮೊದಲ ತುಂಡನ್ನಷ್ಟೇ ತೋರಿಸಿ, ಉಳಿದದ್ದು ಹಾಳಾಗಿದೆ ಎಂದು ಹೇಳಿ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ದೇವರನ್ನು ಇಳಿಸಿ ಕೊಟ್ಟಿದ್ದಾರೆ ಸಾಹೇಬರೇ, ಅವರಿಗೆ ಸುಳ್ಳು ಹೇಳಲು ನನಗೆ ಆಗುವುದಿಲ್ಲ ಎಂದೆ. ಅವರು ಮತ್ತೆ ಒತ್ತಾಯ ಮಾಡಲಿಲ್ಲ.

ಆನಂದ ಅಜ್ಜಿಯನ್ನು ಗಾಲಿ ಕುರ್ಚಿಯಲ್ಲಿ ಕರೆತಂದ. ಹಣೆಯ ಕಲೆ ತುಸು ಮಾಸಿತ್ತು. ನಮ್ಮ ಸಣ್ಣ ಕೋಣೆಯಲ್ಲಿ ಪರದೆಯ ಎದುರಿಗೆ ಕೂರಿಸಿ, ತುಂಡುಗಳನ್ನೆಲ್ಲ ಸಾಲಾಗಿ ಓಡಿಸಿದೆ. ಅವಳು ಕಣ್ಣು ಮಿಟುಕಿಸಲಿಲ್ಲ. ಮುಖ ಇಲ್ಲವೇನು ಎಂದು ಒಮ್ಮೆ ಕೇಳಿದಳು. ಇಲ್ಲ ಅಜ್ಜಿ, ಹೋಗಿದೆ ಎಂದೆ. ಕೊನೆಯ ತುಂಡಿನಲ್ಲಿ ಆ ಗಂಡಸು ಬಂದಾಗ ಅವಳ ಬೆನ್ನು ನೆಟ್ಟಗಾಯಿತು. ನಿಲ್ಲಿಸು ಎಂದಳು. ನಿಲ್ಲಿಸಿದೆ. ಪರದೆಯ ಮೇಲೆ ತಾಯಿ ಕೂತಿದ್ದಳು, ತಂದೆ ಕೈ ಎತ್ತಿ ನಿಂತಿದ್ದ.

"ನಮ್ಮಪ್ಪ," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಖರೇ ಹೇಳು. ಹತ್ತಿಸ್ಯಾನಿಲ್ಲೋ?"

"ಹತ್ತಿಸ್ಯಾರ್ರಿ ಅಜ್ಜಿ. ಮುಂಜಾನಿಂದ ಸಂಜಿತನಾ."

ಆನಂದ ಅವಳ ಹೆಗಲು ಹಿಡಿದುಕೊಂಡ. ಸಾಠೆಯವರು ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದರು. ಅಜ್ಜಿ ಅಳಲಿಲ್ಲ. ಕುರ್ಚಿಯ ಕೈಗಳನ್ನು ಒತ್ತಿ ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾದವು.

"ಹಂಗಾರ ನಾ ನುಂಗಿಲ್ಲ," ಅಂದಳು.

ಪರದೆಯನ್ನು ನೋಡುತ್ತಲೇ ಇದ್ದಳು. ಎಷ್ಟೋ ಹೊತ್ತಾದ ಮೇಲೆ ನನ್ನನ್ನು ಹತ್ತಿರ ಕರೆದಳು.

"ಸಾಕವ್ವ, ಇನ್ನ ಮುಂದ ಬಿಡು. ಆಗಿಂದ ಕೈ ಎತ್ತಿ ನಿಂತಾನ. ಕೈ ಇಳಿಸ್ಲಿ."

ಅದರ ಮುಂದಿನ ಸುತ್ತು ಪುಡಿಯಾಗಿ ಹೋಗಿತ್ತು. ಅವರು ಕೈ ಇಳಿಸಿದ ಚಿತ್ರ ನಮ್ಮಲ್ಲಿ ಇರಲಿಲ್ಲ. ನಾನು ಯಂತ್ರ ಬಂದ್ ಮಾಡಿದೆ.